ಬ್ರದರ್, ನರ ಸಿಕ್ತಾ?

ಕಾನೂನಿನ ಪ್ರಕಾರ ನಾನು ನೋಂದಾಯಿತ ನರ್ಸ್ ಅಷ್ಟೇ ಅಲ್ಲ, ನೋಂದಾಯಿತ ಸೂಲಗಿತ್ತಿ ಕೂಡ. ತಮಾಷೆಯಲ್ಲ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದವರಿಗೆ ಆರ್‌ಎನ್, ಆರ್‌ಎಂ ಎಂಬ ಎರಡು ಬಿರುದು ಒಟ್ಟಿಗೇ ಬರುತ್ತವೆ. ಮೊದಲನೆಯದು ರಿಜಿಸ್ಟರ್ಡ್ ನರ್ಸ್, ಎರಡನೆಯದು ರಿಜಿಸ್ಟರ್ಡ್ ಮಿಡ್‌ವೈಫ್. ಹೆಣ್ಣು ಗಂಡೆಂಬ ಭೇದವಿಲ್ಲ, ಮೀಸೆಯಿದ್ದರೂ ಕೊಡುತ್ತಾರೆ. ಆ ಸರ್ಟಿಫಿಕೇಟನ್ನು ಊರಿಗೆ ಒಯ್ದು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಅಲ್ಲ ಕಣ್ಲಾ, ಯಾರಾದ್ರೂ ಹೆರಿಗೆಗೆ ಕರುದ್ರೆ ಹೋಯ್ತೀಯಾ?" ಎಂದಳು. "ಯಾರೂ ಕರಿಯಲ್ಲ ಬಿಡಜ್ಜಿ" ಎಂದೆ. "ಅಂಗಾದ್ರೆ ಸರಿ" ಎಂದು ಮತ್ತೆ ಜಗಿಯತೊಡಗಿದಳು.

ಅಜ್ಜಿಯ ಅನುಮಾನಕ್ಕೆ ಕಾರಣವಿತ್ತು. ನಮ್ಮೂರು ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ. ಇದೇ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮ ಒಂದು ಸರ್ಟಿಫಿಕೇಟೂ ಇಲ್ಲದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಜಿಲ್ಲೆಯಿಂದ ಬಂದ ನಾನು ಕಂಡ ಮೊದಲ ಹೆರಿಗೆಯ ಕಥೆ ಹೀಗಿದೆ. ಲೇಬರ್ ರೂಮಿನಲ್ಲಿ ನನಗೆ ಕೊಟ್ಟಿದ್ದು ಅತಿ ಸುಲಭದ ಕೆಲಸ: ಮಗು ಹೊರಬಂದ ಕ್ಷಣ ಗೋಡೆಯ ಗಡಿಯಾರ ನೋಡಿ ಸಮಯ ಬರೆದುಕೊಳ್ಳುವುದು. ನಾನು ಪೆನ್ನು ಹಿಡಿದು ಸಿದ್ಧನಾಗಿ ನಿಂತೆ. ತಲೆ ಕಾಣಿಸಿತು ಎಂದು ಯಾರೋ ಅಂದರು. ಆಮೇಲೆ ನನಗೆ ಕಾಣಿಸಿದ್ದು ಸೀಲಿಂಗ್ ಫ್ಯಾನು. ನೆಲದ ಮೇಲೆ ಮಲಗಿದ್ದೆ. ಕಾಲೆರಡನ್ನೂ ಸ್ಟೂಲಿನ ಮೇಲೆ ಎತ್ತಿಟ್ಟಿದ್ದರು. ಆಗತಾನೆ ಹೆತ್ತ ತಾಯಿ ಮೇಜಿನ ಮೇಲಿಂದಲೇ ಕತ್ತು ಹೊರಳಿಸಿ, "ಮೊದ್ಲು ಆ ಹುಡುಗುಂಗೆ ನೀರ್ ಕೊಡ್ರಮ್ಮ ಯಾರಾದ್ರೂ" ಎಂದು ಹೇಳುತ್ತಿದ್ದರು.

ಹುಟ್ಟಿದ ಮಗುವಿಗೆ ಮೊದಲ ನಿಮಿಷದಲ್ಲೊಮ್ಮೆ, ಐದನೇ ನಿಮಿಷದಲ್ಲೊಮ್ಮೆ ಅಂಕ ಕೊಡುವ ಪದ್ಧತಿಯಿದೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ್ದು. ಮೈಬಣ್ಣ, ಹೃದಯದ ಬಡಿತ, ಕೆಣಕಿದರೆ ಮುಖ ಕಿವುಚುತ್ತದೆಯೇ, ಕೈಕಾಲಿನ ಬಿಗಿ, ಉಸಿರಾಟ. ಒಂದೊಂದಕ್ಕೂ ಎರಡೆರಡು ಅಂಕ, ಒಟ್ಟು ಹತ್ತು. ಆ ದಿನ ಟ್ಯೂಟರ್ ಮೇಡಂ ಇಡೀ ತರಗತಿಗೆ ಕೇಳುವಂತೆ ಘೋಷಿಸಿದರು: "ಮಗುವಿಗೆ ಒಂಬತ್ತು. ಬ್ರದರಿಗೆ ನಾಲ್ಕು."

ನಾನು ಈ ವೃತ್ತಿಗೆ ಸೇವಾಭಾವದಿಂದ ಬಂದೆ ಎಂದು ಬರೆದರೆ ನನ್ನ ಸೋದರಮಾವ ನಗುತ್ತಾನೆ, ಏಕೆಂದರೆ ಸೇರಿಸಿದವನು ಅವನೇ. ಪಿಯುಸಿ ಮುಗಿದಾಗ ಡಾಕ್ಟರ್ ಸೀಟು ಸಿಗಲಿಲ್ಲ. ಸಿಗುವ ಲಕ್ಷಣವೂ ನನ್ನ ಅಂಕಪಟ್ಟಿಯಲ್ಲಿ ಇರಲಿಲ್ಲ. ಅಪ್ಪನಿಗೆ ನಾನು ತೆಂಗಿನ ತೋಟ ನೋಡಿಕೊಳ್ಳಲಿ ಎಂಬ ಆಸೆ. ಅಷ್ಟರಲ್ಲಿ ಮಾವ ಬಂದು, ಯಾರೋ ಒಬ್ಬ ನರ್ಸಿಂಗ್ ಓದಿ ದುಬೈಗೆ ಹೋಗಿ ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ ಕಥೆ ಹೇಳಿದ. ಆ 'ಯಾರೋ ಒಬ್ಬ' ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಆದರೆ ಎಲ್ಲ ಊರಿನಲ್ಲೂ ಅವನಿದ್ದಾನೆ, ಎಲ್ಲ ಊರಿನಲ್ಲೂ ಅವನ ಮನೆಗೆ ಎರಡಂತಸ್ತು. ನಮ್ಮ ತರಗತಿಯ ಅರ್ಧದಷ್ಟು ಜನ ಅವನ ಪ್ರೇರಣೆಯಿಂದಲೇ ಬಂದವರು.

ಮೊದಲ ವರ್ಷ ಕಲಿಸಿದ್ದು ಹಾಸಿಗೆ ಹಾಸುವುದನ್ನು. ನಗಬೇಡಿ, ಅದರಲ್ಲಿ ಬಗೆಗಳಿವೆ. ರೋಗಿ ಬರುವ ಮುಂಚಿನದು ಕ್ಲೋಸ್ಡ್ ಬೆಡ್, ಬಂದ ಮೇಲಿನದು ಓಪನ್ ಬೆಡ್. ಆಪರೇಷನ್ ಆಗಿ ಬರುವವರಿಗೆ ಬೇರೆ, ಹೃದ್ರೋಗಿಗೆ ಬೇರೆ, ಮೂಳೆ ಮುರಿದವರಿಗೆ ಬೇರೆ, ಕಾಲು ಕಳೆದುಕೊಂಡವರಿಗೆ ಬೇರೆ. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಬಾರದು. ಏಳಲಾಗದ ರೋಗಿಯ ಬೆನ್ನಿಗೆ ಆ ಸುಕ್ಕೇ ಹುಣ್ಣಾಗಿ ಕೂರುತ್ತದೆ. ಮೂಲೆಗಳನ್ನು ಲಕೋಟೆಯ ಹಾಗೆ ಓರೆಯಾಗಿ ಮಡಚಿ ಹಾಸಿಗೆಯ ಕೆಳಗೆ ಬಿಗಿಯಬೇಕು. ಈ ವಿದ್ಯೆಯನ್ನು ದಸರಾ ರಜೆಯಲ್ಲಿ ಅಜ್ಜಿಯ ಮಂಚದ ಮೇಲೆ ಪ್ರಯೋಗಿಸಿದೆ. ಹಾಸಿದ್ದನ್ನಷ್ಟೇ ಅಲ್ಲ, ಹೊದೆಯುವ ಕಂಬಳಿಯನ್ನೂ ಮೂರು ಕಡೆ ಸಿಕ್ಕಿಸಿ ಬಿಗಿದೆ. ಅಜ್ಜಿ ರಾತ್ರಿ ಹೇಗೋ ಒಳಗೆ ತೂರಿಕೊಂಡಳು. ನಡುರಾತ್ರಿ ಹೊರಗೆ ಹೋಗಬೇಕಾದಾಗ ಬರಲಾಗಲಿಲ್ಲ. ಮನೆಯವರೆಲ್ಲ ಎದ್ದು ಕಂಬಳಿ ಕಿತ್ತು ಅವಳನ್ನು ಬಿಡಿಸಿದರು. ಅದಾದ ಮೇಲೆ ನಾನು ರಜೆಗೆ ಬಂದಾಗಲೆಲ್ಲ ಅಜ್ಜಿ ಚಾಪೆ ಹಿಡಿದು ಜಗಲಿಗೆ ಹೋಗುತ್ತಿದ್ದಳು.

ಆಮೇಲೆ ದೀಪ ಬೆಳಗುವ ಸಮಾರಂಭ. ನರ್ಸಿಂಗ್ ಓದಿದವರ ಮನೆಯಲ್ಲಿ ಅದರ ಫೋಟೊ ಇದ್ದೇ ಇರುತ್ತದೆ: ಬಿಳಿ ಬಟ್ಟೆ, ಕೈಯಲ್ಲಿ ಮೇಣದಬತ್ತಿ, ಮುಖದಲ್ಲಿ ಇನ್ನೆಂದೂ ಮರಳಿ ಬಾರದ ಗಾಂಭೀರ್ಯ. ದೀಪ ಫ್ಲಾರೆನ್ಸ್ ನೈಟಿಂಗೇಲರದು. ವೇದಿಕೆಯ ಮೇಲೆ ಇಡುವುದು ಅಲ್ಲಾವುದ್ದೀನನ ದೀಪದಂಥದ್ದು. ಕ್ರಿಮಿಯಾ ಯುದ್ಧದ ಹೊತ್ತಿಗೆ ಸ್ಕುಟಾರಿಯ ಆಸ್ಪತ್ರೆಯಲ್ಲಿ ಆಕೆ ಹಿಡಿದು ತಿರುಗಿದ್ದು ಮಡಚಬಹುದಾದ ತುರ್ಕಿ ಲಾಟೀನು. ಅಂದು ನಾವು ಓದುವ ಪ್ರತಿಜ್ಞೆಯೂ ಆಕೆ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿ ರಚಿಸಿದ್ದು. ಇದೆಲ್ಲ ಗೊತ್ತಿದ್ದ ನನಗೆ ಗೊತ್ತಿಲ್ಲದ ಸಂಗತಿ ಒಂದೇ: ಎಡಗೈಯಲ್ಲಿ ಉರಿಯುವ ಮೇಣದಬತ್ತಿ, ಬಲಗೈಯಲ್ಲಿ ಪ್ರತಿಜ್ಞೆಯ ಜೆರಾಕ್ಸ್ ಪ್ರತಿ ಇದ್ದಾಗ ಎರಡನ್ನೂ ಒಟ್ಟಿಗೆ ಮುಖದ ಹತ್ತಿರ ತರಬಾರದು. ಎರಡನೇ ಸಾಲಿಗೆ ಕಾಗದಕ್ಕೆ ಬೆಂಕಿ ಹತ್ತಿತು. ಪಕ್ಕದ ಹುಡುಗಿ ತನ್ನ ಟೋಪಿಯಿಂದ ಬಡಿದು ಆರಿಸಿದಳು. ಮುಖ್ಯ ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಹೀಗಾಗಿ ಪ್ರತಿಜ್ಞೆಯ ಉಳಿದ ಭಾಗವನ್ನು ನಾನು ಸ್ವೀಕರಿಸಿಲ್ಲ. ಯಾರಾದರೂ ಕೇಸು ಹಾಕಿದರೆ ವಕೀಲರಿಗೆ ಇದೊಂದು ಒಳ್ಳೆಯ ಪಾಯಿಂಟು.

ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ಹಳ್ಳಿಯ ಮನೆಮನೆಗೆ ಹೋಗಬೇಕು. ಅಲ್ಲಿ 'ಬ್ಯಾಗ್ ಟೆಕ್ನಿಕ್' ಎಂಬ ವಿಧಿಯುಂಟು: ಮೊದಲು ದಿನಪತ್ರಿಕೆ ಹಾಸಿ, ಅದರ ಮೇಲೆ ಚೀಲ ಇಟ್ಟು, ಕೈ ತೊಳೆದು, ಬೇಕಾದ್ದನ್ನು ಕ್ರಮವಾಗಿ ತೆಗೆಯಬೇಕು. ನಮ್ಮ ಚೀಲದ ಕೊಳೆ ಅವರ ಮನೆಗೆ, ಅವರ ಮನೆಯ ಕೊಳೆ ನಮ್ಮ ಚೀಲಕ್ಕೆ ಹತ್ತಬಾರದೆಂದು. ನಾನು ಕೈ ತೊಳೆದು ಬರುವಷ್ಟರಲ್ಲಿ ಮನೆಯ ಯಜಮಾನರು ಚೀಲವನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು, ಪೇಪರನ್ನು ಕೈಗೆತ್ತಿಕೊಂಡು ಕೊಬ್ಬರಿ ಧಾರಣೆ ಓದುತ್ತಿದ್ದರು. ಟ್ಯೂಟರ್ ಬರುತ್ತಿರುವುದು ಕಂಡು ಪೇಪರ್ ವಾಪಸ್ ಕೇಳಿದೆ. "ತಾಳಪ್ಪ, ಮಾರ್ಕೆಟ್ಟು ಬಿದ್ದೈತೆ" ಎಂದರು. ನಮ್ಮಪ್ಪನೂ ಕೊಬ್ಬರಿ ಬೆಳೆಗಾರನೇ. ನಾನೂ ಪಕ್ಕದಲ್ಲಿ ಕೂತು ಓದಿದೆ.

ಇನ್ನು ಹೆಬ್ಬೆರಳಿನ ಪ್ರಕರಣ. ಮಣಿಕಟ್ಟಿನಲ್ಲಿ ನಾಡಿ ನೋಡುವಾಗ ತೋರುಬೆರಳು, ನಡುಬೆರಳು ಇಡಬೇಕು. ಹೆಬ್ಬೆರಳನ್ನು ಖಂಡಿತ ಇಡಬಾರದು. ಹೆಬ್ಬೆರಳಿಗೆ ತನ್ನದೇ ಗಟ್ಟಿ ಮಿಡಿತವಿದೆ, ನಿಮಗೆ ಕೇಳಿಸುವುದು ನಿಮ್ಮದೇ ನಾಡಿ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಿದ್ದೆ. ಆದರೆ ಮೊದಲ ದಿನದ ವಾರ್ಡಿನಲ್ಲಿ, ಎದುರಿಗೆ ನಿಜವಾದ ಮನುಷ್ಯ, ಬೆನ್ನಿಗೆ ಇನ್‌ಚಾರ್ಜ್ ಸಿಸ್ಟರು. ಓದಿದ್ದೆಲ್ಲ ಹಾರಿಹೋಗಿ ಕೈ ತನಗೆ ತೋಚಿದಂತೆ ಹಿಡಿಯಿತು. ಹರ್ನಿಯಾ ಆಪರೇಷನ್‌ಗೆ ಬಂದು ಆರಾಮಾಗಿ ಪೇಪರ್ ಓದುತ್ತಿದ್ದ ಮನುಷ್ಯನ ಚಾರ್ಟಿನಲ್ಲಿ ನಿಮಿಷಕ್ಕೆ 118 ಎಂದು ಬರೆದೆ. ದೊಡ್ಡವರಿಗೆ ಸಾಮಾನ್ಯವಾಗಿ ಇರಬೇಕಾದ್ದು 60ರಿಂದ 100. ರೌಂಡ್ಸಿಗೆ ಬಂದ ಡಾಕ್ಟರ್ ಹುಬ್ಬೇರಿಸಿದರು. ಇಸಿಜಿ ಮಾಡಿಸಿದರು. ಚೆನ್ನಾಗಿಯೇ ಇತ್ತು. ಜ್ವರವಿದೆಯೇ ನೋಡಿದರು, ಇಲ್ಲ. ಥೈರಾಯ್ಡ್ ಇರಬಹುದೆಂದು ರಕ್ತ ಕಳಿಸುವ ಮಾತು ಬಂತು. ಆ ಹೊತ್ತಿಗೆ ರೋಗಿಗೆ ನಿಜವಾಗಿಯೂ ಎದೆ ಬಡಿದುಕೊಳ್ಳತೊಡಗಿತ್ತು. ಕೊನೆಗೆ ಸಿಸ್ಟರ್ ನನ್ನನ್ನು ಕರೆದು, "ಇನ್ನೊಂದ್ಸಲ ನೋಡು" ಎಂದರು. ನೋಡಿದೆ. ನನ್ನ ಬೆರಳನ್ನು ಅವರು ನೋಡಿದರು. ತಾವೇ ಎಣಿಸಿ, "ಇವರದು 76. ಆ 118 ನಿಂದು. ಇಸಿಜಿ ನಿಂಗೆ ಮಾಡಿಸ್ಬೇಕಿತ್ತು" ಎಂದರು. ಕೇಸ್ ಶೀಟಿನಲ್ಲಿ ಗೀಟು ಎಳೆದು ಸಹಿ ಮಾಡಿ ತಿದ್ದಿದೆ. ಬೇರೊಬ್ಬರ ಚಾರ್ಟಿನಲ್ಲಿ ನನ್ನ ಹೃದಯದ ದಾಖಲೆ ಇವತ್ತಿಗೂ ಇದ್ದಿರಬೇಕು.

ಪಾಸಾದೆ. ನೋಂದಣಿಗೆ ಅರ್ಜಿ ಹಾಕಬೇಕು. ನೋಂದಣಿ ಇಲ್ಲದೆ ಕೆಲಸ ಮಾಡುವ ಹಾಗಿಲ್ಲ. ಅರ್ಜಿ ತುಂಬಲು ಕೂತಾಗ ತಿಳಿಯಿತು, ನಾನು ಇಬ್ಬರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು 'ಎ' ಇದೆ, ಪಿಯುಸಿಯಲ್ಲಿ ಇಲ್ಲ. ಡಿಗ್ರಿಯಲ್ಲಿ ಮತ್ತೆ ಇದೆ, ಆಧಾರ್‌ನಲ್ಲಿ ಇನಿಷಿಯಲ್ಲು ಹಿಂದಿನಿಂದ ಮುಂದಕ್ಕೆ ಬಂದು ಕೂತಿದೆ. ತಪ್ಪು ಯಾರದೂ ಅಲ್ಲ. ಆಯಾ ಕಾಲಕ್ಕೆ ಅರ್ಜಿ ತುಂಬಿದವನು ನಾನೇ, ಆಯಾ ಕಾಲಕ್ಕೆ ಸ್ಟೈಲು ಬೇರೆ ಬೇರೆ ಇತ್ತು. ಇಬ್ಬರೂ ಒಬ್ಬನೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ನೋಟರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಎಲ್ಲಿಗಪ್ಪ, ಲಂಡನ್ನಾ?" ಎಂದರು. ಬೆಂಗಳೂರಿನ ನರ್ಸುಗಳು ಕಾಗದ ಪತ್ರ ಸರಿಮಾಡಿಕೊಳ್ಳುವುದು ವಿಮಾನ ಹತ್ತುವುದಕ್ಕೇ ಎಂಬುದು ಅವರ ಅನುಭವ. ನಾನು ಹತ್ತಿದ್ದು ಬಿಎಂಟಿಸಿ.

ಕೌನ್ಸಿಲ್ ನನ್ನನ್ನು ಒಪ್ಪಿಕೊಂಡಿತು. ವಾರ್ಡು ಒಪ್ಪಿಕೊಳ್ಳಲಿಲ್ಲ. ವಾರ್ಡು ಎಂದರೆ ಡಾಕ್ಟರಲ್ಲ, ಇನ್‌ಚಾರ್ಜ್ ಸಿಸ್ಟರೂ ಅಲ್ಲ, ಆಯಮ್ಮ. ಯಾವ ಆಸ್ಪತ್ರೆಗೆ ಹೋದರೂ ನೋಡಿ, ಯಾವ ಕಪಾಟಿನ ಬೀಗ ಯಾವ ಕೈಯಲ್ಲಿ ತಿರುಗುತ್ತದೆ, ಯಾವ ಮಂಚದ ಬೆನ್ನು ಏಳುವುದಿಲ್ಲ, ಯಾವ ಡಾಕ್ಟರಿಗೆ ಬೆಳಗಿನ ಕಾಫಿಗೆ ಮುಂಚೆ ಏನೂ ಕೇಳಬಾರದು, ಇದೆಲ್ಲ ಗೊತ್ತಿರುವುದು ಅವರೊಬ್ಬರಿಗೇ. ನಮ್ಮ ಆಯಮ್ಮ ಮೊದಲ ದಿನ ನನ್ನ ಬ್ಯಾಡ್ಜು ಓದಿ, "ಓದ್ಕಂಡ್ ಬಂದಿದ್ದೀರಾ? ಒಳ್ಳೇದು. ಕೆಂಪು ಚೀಲ ಎಲ್ಲೈತೆ ಹೇಳಿ ನೋಡಣ" ಎಂದರು. ಆಸ್ಪತ್ರೆಯ ಕಸಕ್ಕೆ 2016ರ ನಿಯಮವಿದೆ: ರಕ್ತ ಹತ್ತಿದ ಹತ್ತಿ, ಬಟ್ಟೆ ಹಳದಿಗೆ, ಪ್ಲಾಸ್ಟಿಕ್ ಕೊಳವೆ ಕೆಂಪಿಗೆ, ಸೂಜಿ ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕಾಯ್ದೆಯನ್ನು ಗಡಗಡ ಹೇಳಿದೆ. "ಎಲ್ಲೈತೆ ಅಂದೆ" ಎಂದರು ಆಯಮ್ಮ. ಗೊತ್ತಿರಲಿಲ್ಲ. ನಾನು ಅದಕ್ಕೇ ಒರಗಿಕೊಂಡು ನಿಂತಿದ್ದೆ.

ಕ್ಯಾನುಲಾ ಹಾಕುವುದು, ಅಂದರೆ ಡ್ರಿಪ್ಪಿಗೆ ಸೂಜಿ ಚುಚ್ಚಿ ನಳಿಕೆ ಕೂರಿಸುವುದು, ನರ್ಸಿನ ನಿಜವಾದ ಮರ್ಯಾದೆಯ ಪ್ರಶ್ನೆ. ಸೂಜಿಗಳಿಗೆ ಬಣ್ಣಗಳಿವೆ: 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣ, ಹಳದಿಯದು ಮಕ್ಕಳಿಗೆ. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಚುಚ್ಚದೆ ಬೇರೆಯವರನ್ನು ಕರೆಯಬೇಕು ಎಂಬುದು ಒಳ್ಳೆಯ ವಾರ್ಡುಗಳ ಪದ್ಧತಿ. ಕಾಲೇಜಿನಲ್ಲಿ ನಾನು ಅಭ್ಯಾಸ ಮಾಡಿದ್ದು ರಬ್ಬರ್ ತೋಳಿನ ಮೇಲೆ. ಅದರ ನರ ಅಲುಗುವುದಿಲ್ಲ, ಅಯ್ಯೋ ಎನ್ನುವುದಿಲ್ಲ, ಅದಕ್ಕೆ ಹೆಂಡತಿ ಮಕ್ಕಳು ಸುತ್ತ ನಿಂತಿರುವುದಿಲ್ಲ.

ನನ್ನ ಪಾಲಿಗೆ ಬಂದವರು ಕೋಲಾರದ ಕಡೆಯ ಒಬ್ಬ ಅಜ್ಜ. ರೈತ. ಕೈ ನೋಡಿದರೆ ಯಾವ ನರ್ಸಿಗಾದರೂ ಬಾಯಲ್ಲಿ ನೀರೂರಬೇಕು, ನರಗಳು ಅಷ್ಟು ಉಬ್ಬಿ ಕಾಣುತ್ತಿದ್ದವು. ನನಗೂ ಹುಮ್ಮಸ್ಸು ಬಂತು. ದುಡಿದ ಮುದಿಗೈಯ ನರ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ, ಸೂಜಿ ತಾಗಿದ ಕೂಡಲೇ ಪಕ್ಕಕ್ಕೆ ಉರುಳುತ್ತದೆ ಎಂಬುದು ಆಗ ಯಾರ ಬಾಯಿಂದಲೂ ಕೇಳಿರಲಿಲ್ಲ. ಚುಚ್ಚಿದೆ, ನರ ಬಲಕ್ಕೆ ಸರಿಯಿತು. ಇನ್ನೊಂದು ಕಡೆ ಚುಚ್ಚಿದೆ. ಆ ನರ ಎಡಕ್ಕೆ ಸರಿದು ಚರ್ಮ ಊದಿಕೊಂಡಿತು. "ಬ್ರದರ್, ನರ ಸಿಕ್ತಾ?" ಎಂದು ಅಜ್ಜನ ಮಗ ಕೇಳಿದ. ನನ್ನ ಹಣೆಯ ಬೆವರು ನೋಡಿ ಅಜ್ಜ ಅವನನ್ನು ಗದರಿಸಿದರು. ನನ್ನ ಕಡೆ ತಿರುಗಿ, "ಹೋಗ್ಲಿ ಬಿಡಪ್ಪ. ನಮ್ ತ್ವಾಟ್ದಾಗೂ ಎರಡು ಬೋರು ಫೇಲಾದ್ವು, ಮೂರ್ನೇದ್ರಲ್ಲಿ ನೀರು ಬಂತು" ಎಂದರು.

ಬೇರೆಯವರನ್ನು ಕರೆಯುತ್ತೇನೆ ಎಂದೆ. ಅಜ್ಜ ಒಪ್ಪಲಿಲ್ಲ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ಧೂಳು ಬರುವ ಜಾಗಗಳಿವೆ; ಅಂಥ ಕಡೆ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವ, ಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುವ ಪಾಯಿಂಟು ನೋಡುವವರಿದ್ದಾರೆ. ಅಜ್ಜ ತಾವೂ ಆ ಕೆಲಸ ಮಾಡುತ್ತಿದ್ದರಂತೆ. ತಮ್ಮ ಕೈಯನ್ನು ತಾವೇ ಗಂಭೀರವಾಗಿ ಪರಿಶೀಲಿಸಿ, ಮಣಿಕಟ್ಟಿಗಿಂತ ಕೊಂಚ ಮೇಲೆ ಬೆರಳಿಟ್ಟು, "ಇಲ್ಲಿ ಎರಡು ಸೆಲೆ ಕೂಡ್ತಾವೆ ನೋಡು. ಇಲ್ಲಿ ಇಳಿಸು. ಮಣ್ಣು ಸರೀದಂಗೆ ಕೆಳಗಡೆ ಒತ್ತಿ ಹಿಡ್ಕೋ" ಎಂದರು. ಎರಡು ನರ ಕೂಡುವ ಕವಲಿನಲ್ಲಿ ನರ ಅಲುಗುವುದಿಲ್ಲ. ಕೆಳಗಿನ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ಹಿಡಿಯಬೇಕು. ಪಠ್ಯಪುಸ್ತಕದಲ್ಲಿ ಇದೇ ಇದೆ, ಅಜ್ಜನಷ್ಟು ಸ್ಪಷ್ಟವಾಗಿಲ್ಲ. ಇಳಿಸಿದೆ. ಸೂಜಿಯ ಹಿಂಬದಿಯ ಕೋಣೆಯಲ್ಲಿ ಕೆಂಪಗೆ ರಕ್ತ ಕಾಣಿಸಿತು. "ಬಂತಾ?" ಎಂದರು ಅಜ್ಜ. "ಬಂತು ಸ್ವಾಮಿ!" ಎಂದು ನಾನು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಪಕ್ಕದ ಮಂಚದವರು ಕೈ ಮುಗಿದರು.

ಟೇಪು ಅಂಟಿಸಿ ಡ್ರಿಪ್ ಜೋಡಿಸಿದೆ. ಒಂದು ಹನಿಯೂ ಇಳಿಯಲಿಲ್ಲ. ಬಾಟಲಿ ಎತ್ತರಿಸಿದೆ, ಕೊಳವೆ ತಟ್ಟಿದೆ, ಚಕ್ರ ತಿರುಗಿಸಿದೆ. ಅಜ್ಜನಿಗೂ ಆತಂಕವಾಗಿ, "ಮೋಟ್ರು ಸುಟ್ಟೋಯ್ತಾ?" ಎಂದರು. ಆಗ ನೆಲ ಒರೆಸುತ್ತಿದ್ದ ಆಯಮ್ಮ ತಲೆಯೆತ್ತದೆ ಹೇಳಿದರು: "ಮೊದ್ಲು ತೋಳಿನ ಬೆಲ್ಟು ಬಿಚ್ಚಪ್ಪ."

ಕೆಲವು ವಿಷಯಗಳಲ್ಲಿ ನಗುವ ಹಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇನ್ಸುಲಿನ್ ನಮ್ಮಲ್ಲಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ, ಮಿಲಿಗೆ 40 ಯೂನಿಟ್, ಮಿಲಿಗೆ 100 ಯೂನಿಟ್. ಸಿರಿಂಜೂ ಎರಡು: ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ. ನೂರರ ಔಷಧಿಯನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು. ಅದಕ್ಕೇ ಒಬ್ಬರು ಎಳೆದಿದ್ದನ್ನು ಇನ್ನೊಬ್ಬರು ನೋಡುವುದು. ಇಲ್ಲಿ ನಾನು ಒಂದಕ್ಕೆ ನಾಲ್ಕು ಸಲ ನೋಡುತ್ತೇನೆ, ಮನೆಗೆ ಹೋದ ಮೇಲೂ ಫೋನ್ ಮಾಡಿ ಕೇಳುತ್ತೇನೆ. ಜೊತೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಈ ಕಾಯಿಲೆಗೆ ಔಷಧಿ ಬೇಡ.

ಬೆಂಗಳೂರಿನ ವಾರ್ಡುಗಳಲ್ಲಿ ಕೇರಳದವರು ಎಷ್ಟಿದ್ದಾರೆಂದು ಆಸ್ಪತ್ರೆ ಕಂಡವರಿಗೆಲ್ಲ ಗೊತ್ತು. ನಮ್ಮಲ್ಲಿ ಪಾಳಿ ಬದಲಾಗುವಾಗಿನ ವರದಿ ಮಲಯಾಳದಲ್ಲಿ ಶುರುವಾಗಿ, ನನ್ನ ಮುಖ ಕಂಡು ಇಂಗ್ಲಿಷಿಗೆ ಹೊರಳಿ, ಎರಡನೇ ರೋಗಿಯ ಹೊತ್ತಿಗೆ ಮತ್ತೆ ಮಲಯಾಳಕ್ಕೆ ಮರಳುತ್ತಿತ್ತು. ಹೊಟ್ಟೆಪಾಡಿಗಾಗಿ ಕಲಿತೆ. ಎಷ್ಟು ಕಲಿತೆನೆಂದರೆ ನೈಟ್ ಡ್ಯೂಟಿಯ ಕೊನೆಯಲ್ಲಿ ನಿದ್ದೆಗಣ್ಣಿಗೆ ಬೇರೆ ಭಾಷೆಯೇ ಬರುತ್ತಿರಲಿಲ್ಲ. ಒಂದು ಬೆಳಗ್ಗೆ ಮಂಡ್ಯದ ಹಿರಿಯರೊಬ್ಬರಿಗೆ ಪಿತ್ತಕೋಶದ ಆಪರೇಷನ್ ಇತ್ತು. ರಾತ್ರಿಯಿಂದ ಉಪವಾಸ. ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರ ಕನಿಷ್ಠ ಆರು ಗಂಟೆ, ತಿಳಿನೀರು ಎರಡು ಗಂಟೆ ಬಿಟ್ಟಿರಬೇಕು; ಇಲ್ಲದಿದ್ದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಬರಬಹುದು. ಸಿಸ್ಟರ್ ಕೇಳಿದ್ದರು, ಡಾಕ್ಟರ್ ಕೇಳಿದ್ದರು. ಇಬ್ಬರಿಗೂ "ತೊಟ್ಟು ನೀರೂ ಮುಟ್ಟಿಲ್ಲ" ಎಂದು ಹೇಳಿ ಕೂತಿದ್ದರು. ನಾನು ಹೋಗಿ ನೋವಿದೆಯಾ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು, "ವೇದನ ಉಂಡೋ?"

ಹಿರಿಯರು ಬೆಚ್ಚಿಬಿದ್ದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಉಂಡೆ ಸ್ವಾಮಿ. ನಿಮ್ತಾವ ಸುಳ್ಯಾಕೆ ಹೇಳ್ಲಿ? ಎರಡೇ ಇಡ್ಲಿ. ಮಗಳು ಡಬ್ಬೀಲಿ ತಂದಿದ್ಲು. ಆ ಸಿಸ್ಟ್ರಮ್ಮಂಗೆ ಹೇಳ್ಬೇಡಿ" ಎಂದರು.

ಆಪರೇಷನ್ ಮುಂದಕ್ಕೆ ಹೋಯಿತು. ಅರಿವಳಿಕೆಯ ಡಾಕ್ಟರ್ ಥಿಯೇಟರಿನಿಂದ ಇಳಿದು ಬಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ನಮ್ಗೆ ಹೇಳ್ಲಿಲ್ಲ, ನಿಮ್ಗೆ ಹೇಗೆ ಹೇಳಿದ್ರು?" ರೋಗಿಯ ವಿಶ್ವಾಸ ಗಳಿಸಿಕೊಳ್ಳುವುದು ಮುಖ್ಯ ಸಾರ್ ಎಂದೆ. ಆ ತಿಂಗಳು ಒಳ್ಳೆಯ ಸಿಬ್ಬಂದಿ ಎಂದು ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೊ ಅಂಟಿಸಿದರು. ಹಿಂದಿನ ಮಂಚದ ಚಾದರ ಬದಲಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದ ಆಯಮ್ಮ ಯಾರಿಗೂ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವರ ಸಂಜೆಯ ಕಾಫಿ ನನ್ನ ಲೆಕ್ಕಕ್ಕೆ. ಬೋರ್ಡಿನ ಫೋಟೊ ಮುಂದೆ ಹಾದುಹೋಗುವಾಗಲೆಲ್ಲ ನಿಂತು, "ವಿಶ್ವಾಸ" ಎಂದು ತಮಗೆ ತಾವೇ ಹೇಳಿಕೊಂಡು ಹೋಗುತ್ತಾರೆ.

ಊರಿನ ಕಥೆ ಹೆಚ್ಚಿಲ್ಲ. ಹಬ್ಬಕ್ಕೆ ಹೋದರೆ ಸುಸ್ತು ಎಂದವರೆಲ್ಲ ಗ್ಲೂಕೋಸ್ ಹಾಕೆಂದು ತೋಳು ಚಾಚುತ್ತಾರೆ. ಡಾಕ್ಟರು ಬರೆಯದೆ ನಾನು ಔಷಧಿ ಕೊಡುವ ಹಾಗಿಲ್ಲ ಎಂದರೆ, ಹಾಗಾದರೆ ಅಷ್ಟು ವರ್ಷ ಏನು ಓದಿದೆ ಎನ್ನುತ್ತಾರೆ. ಹೆಣ್ಣು ನೋಡಲು ಹೋದ ಕಡೆ ದಲ್ಲಾಳಿ ನನ್ನನ್ನು 'ಡಾಕ್ಟ್ರ ಜತೆಗಿರೋರು' ಎಂದು ಪರಿಚಯಿಸಿದ. ಹುಡುಗಿಯೂ ನರ್ಸಿಂಗ್ ಓದಿದವಳೇ. "ಕ್ಯಾನುಲಾ ಎಷ್ಟನೇ ಸಲಕ್ಕೆ ಹಾಕ್ತೀರಾ?" ಎಂದು ಕೇಳಿದಳು. ಆ ಸಂಬಂಧ ಕೂಡಿಬರಲಿಲ್ಲ.

ಕೊನೆಯದಾಗಿ ಡ್ರಿಪ್ಪಿನ ಚಕ್ರದ ವಿಷಯ. ಅರ್ಧ ಲೀಟರ್ ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕೆಂದರೆ, ಮಿಲಿಗೆ 20 ಹನಿ ಬೀಳುವ ಸಾಮಾನ್ಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಕೊಳವೆಯ ಪುಟ್ಟ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಗಡಿಯಾರ ನೋಡುತ್ತಾ, ಉಸಿರು ಬಿಗಿಹಿಡಿದು ಎಣಿಸಬೇಕು. ಒಂದು ರಾತ್ರಿ ಮೂವತ್ತೈದರವರೆಗೆ ಬಂದಿದ್ದೆ. ಪಕ್ಕದಲ್ಲಿ ಕೂತಿದ್ದ ಅಟೆಂಡರ್, ಅಂದರೆ ರೋಗಿಯ ಭಾವಮೈದ, "ಬ್ರದರ್, ನಿಮ್ದು ಯಾವೂರು?" ಎಂದ. ಉತ್ತರಿಸಿದೆ. "ಸಂಬಳ ಎಷ್ಟು ಕೊಡ್ತಾರೆ?" ಎಂದ. ಅದಕ್ಕೂ ಉತ್ತರಿಸಿ, ಎಣಿಸಿ ಮುಗಿಸಿ ಚಾರ್ಟು ಬರೆದೆ. ಬೆಳಗಿನ ಪಾಳಿಯ ಸಿಸ್ಟರ್ ಅದನ್ನು ಗಟ್ಟಿಯಾಗಿ ಓದಿದರು. ಹನಿಗಳ ಸಂಖ್ಯೆಯ ಕಾಲಮ್ಮಿನಲ್ಲಿ 'ತಿಪಟೂರು' ಎಂದಿತ್ತು.

ನಾನು ಅತ್ತ ಹೋದ ಮೇಲೆ ಆ ಭಾವಮೈದ ಎದ್ದು ಚಕ್ರವನ್ನು ಪೂರ್ತಿ ತೆರೆದಿದ್ದ. ಮತ್ತೆ ಬಂದು ನೋಡುವಾಗ ಬಾಟಲಿ ಬರಿದು. ಏಕೆಂದು ಕೇಳಿದರೆ, "ಐದು ಗಂಟೆಗೆ ಬಸ್ಸಿದೆ ಬ್ರದರ್, ಅದಕ್ಕೆ ಸ್ವಲ್ಪ ಸ್ಪೀಡ್ ಮಾಡ್ದೆ" ಎಂದ. ಬಸ್ಸಿದ್ದದ್ದು ಅವನಿಗೆ, ರೋಗಿಗೆ ಇನ್ನೂ ಮೂರು ದಿನದ ಬೆಡ್ಡು ಬರೆದಿತ್ತು. ಆ ರೋಗಿ ಗಟ್ಟಿ ಹೃದಯದ ಯುವಕ, ರಾತ್ರಿಯಿಡೀ ಶೌಚಾಲಯಕ್ಕೆ ಓಡಾಡಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೃದಯ ಅಥವಾ ಕಿಡ್ನಿ ಸೋತ ಹಿರಿಯರಾಗಿದ್ದರೆ ಅಷ್ಟೂ ನೀರು ಶ್ವಾಸಕೋಶಕ್ಕೆ ಹತ್ತಿ ಉಸಿರು ಕಟ್ಟುತ್ತಿತ್ತು. ಬಾಟಲಿಯಲ್ಲಿ ಪೊಟ್ಯಾಸಿಯಂ ಬೆರೆಸಿದ್ದರೆ ಹೃದಯವೇ ನಿಲ್ಲಬಹುದಿತ್ತು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ. ನೀವು ಆಸ್ಪತ್ರೆಗೆ ಬರುವ ಪ್ರಸಂಗ ಬಂದರೆ, ಹಿಂದೆ ಯಾವ ಕೈಯಲ್ಲಿ ಯಾವ ಜಾಗದಲ್ಲಿ ನರ ಸಿಕ್ಕಿತ್ತೆಂದು ನೆನಪಿದ್ದರೆ ಮೊದಲೇ ತೋರಿಸಿ, ನಮಗೆ ಅವಮಾನವಿಲ್ಲ. ಇಡ್ಲಿ ತಿಂದಿದ್ದರೆ ಯಾವ ಭಾಷೆಯಲ್ಲಾದರೂ ಸರಿ, ಹೇಳಿಬಿಡಿ. ನಾವು ಹನಿ ಎಣಿಸುವಾಗ ಊರು, ಸಂಬಳ ಕೇಳಬೇಡಿ. ಎಣಿಸಿ ಮುಗಿದ ಮೇಲೆ ಕೇಳಿ, ನಾವೇ ಕೂತು ಹೇಳುತ್ತೇವೆ. ಡಾಕ್ಟರ್ ಯಾವಾಗ ಬರುತ್ತಾರೆ ಎಂಬುದು ನಮಗೂ ಗೊತ್ತಿರುವುದಿಲ್ಲ. ಹನಿ ನಿಂತರೆ, ಕೈ ಊದಿದರೆ, ಬಾಟಲಿ ಮುಗಿದರೆ ಬೆಲ್ ಒತ್ತಿ, ನಡುರಾತ್ರಿಯಾದರೂ ಬರುತ್ತೇವೆ. ಆ ಚಕ್ರವನ್ನು ಮಾತ್ರ ದಯವಿಟ್ಟು ನೀವು ಮುಟ್ಟಬೇಡಿ, ನಿಮ್ಮ ಭಾವಮೈದನಿಗೂ ಮುಟ್ಟಲು ಬಿಡಬೇಡಿ.